ರಾಯಚೂರು-ಕೊಪ್ಪಳ-ಬಳ್ಳಾರಿ ಕಡೆ ಈ ಸಲ ಥಂಡಿ ಬೇಗ ಬಂತಾ? ಹಳೇ ಲೆಕ್ಕ ಇದ್ದವರು ಹೇಳಿ

ಸಿಂಧನೂರು ಥರ್ಮಾಮೀಟರ್ · ಸೋಮವಾರ, ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ವಿಶಾಖಾ ಮಳೆಯ ದಿನಗಳು ಇನ್ನೂ ಮುಗಿದಿಲ್ಲ. ಆಗಲೇ ಬೆಳಿಗ್ಗೆ ಹೊರಗೆ ಬಂದರೆ ಹಲ್ಲು ಕಟಕಟ ಅನ್ನುತ್ತಿವೆ. ಇವತ್ತು ಆರೂವರೆಗೆ ನಮ್ಮ ಮಾಳಿಗೆ ಮೇಲಿನ ಥರ್ಮಾಮೀಟರ್ 13 ಡಿಗ್ರಿ ತೋರಿಸಿತು. ಹೋದ ವರ್ಷ ಇದೇ ವಾರ ನನ್ನ ನೋಟ್‌ಬುಕ್ಕಿನಲ್ಲಿ 18, 19 ಅಂತ ಇದೆ. ಅವ್ವ ಪೆಟ್ಟಿಗೆಯಿಂದ ಕೌದಿ ತೆಗೆದಾಗಿದೆ. ನಮ್ಮ ಮನೆಯಲ್ಲಿ ಕೌದಿ ಹೊರಗೆ ಬರುವುದು ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ.

ನಿಮ್ಮ ಕಡೆ ಎಷ್ಟಿದೆ? ಹಿಂದೆ ಯಾವ ವರ್ಷ ಇಷ್ಟು ಬೇಗ ಥಂಡಿ ಬಿದ್ದಿತ್ತು ಅಂತ ಯಾರ ಹತ್ತಿರವಾದರೂ ಲೆಕ್ಕ ಇದೆಯಾ?

ಇನ್ನೊಂದು ಪ್ರಶ್ನೆ ನನ್ನ ಮಗಳದ್ದು. ಟಿವಿಯಲ್ಲಿ ಕಾಶ್ಮೀರದ ಹಿಮ ನೋಡಿ, "ಅಪ್ಪಾ, ನಮ್ಮೂರಲ್ಲಿ ಯಾವತ್ತಾದ್ರೂ ಹಿಮ ಬಿದ್ದಿತ್ತಾ?" ಎಂದು ಕೇಳಿದಳು. ಇಲ್ಲ ಎಂದು ಬಾಯಿಗೆ ಬಂದಿತ್ತು, ನಮ್ಮಜ್ಜ ನೆನಪಾದರು. ಅವರು ಹುಡುಗರಿದ್ದಾಗ ಒಂದು ಸಲ ಹೊಲವೆಲ್ಲ ಬೆಳ್ಳಗಾಗಿತ್ತಂತೆ, ಕಾಲಿಟ್ಟರೆ ಕೊರೆಯುತ್ತಿತ್ತಂತೆ. ಅಜ್ಜ ಸುಳ್ಳು ಹೇಳುವವರಲ್ಲ. ಅದೇನಿರಬಹುದು?

ಯಲಬುರ್ಗಾ ಎರಿಹೊಲ · ಸೋಮವಾರ, ಬೆಳಿಗ್ಗೆ 8:05

ನನ್ನ ಹತ್ತಿರ ಥರ್ಮಾಮೀಟರ್ ಇಲ್ಲ ಸರ್. ನನ್ನ ಲೆಕ್ಕ ಎಲ್ಲ ಕಡಲೆ ಗಿಡದ್ದು.

ಸಣ್ಣವನಿದ್ದಾಗ ನಮ್ಮವ್ವ ಸಂಜೆ ಕಡಲೆ ಹೊಲದ ಮೇಲೆ ತೆಳು ಬಿಳಿ ಅರಿವೆ ಹಾಸುತ್ತಿದ್ದಳು. ಬೆಳಗಾಗುವ ಮುಂಚೆ ಹೋಗಿ ಆ ಅರಿವೆ ಹಿಂಡಿದರೆ ಕಡಲೆ ಹುಳಿ ಸಿಗುತ್ತಿತ್ತು. ಗಿಡದ ಎಲೆ ಮೇಲಿನ ಹುಳಿ ಇಬ್ಬನಿಯಲ್ಲಿ ಕರಗಿ ಬಟ್ಟೆಗೆ ಇಳಿಯುತ್ತದೆ. ಬಾಟಲಿಗೆ ತುಂಬಿಟ್ಟು ಹೊಟ್ಟೆನೋವು, ಅಜೀರ್ಣ ಎಂದವರಿಗೆ ನೀರಲ್ಲಿ ಹನಿ ಹಾಕಿ ಕೊಡುತ್ತಿದ್ದಳು. ಅರಿವೆ ಎಷ್ಟು ತೊಯ್ದಿದೆ ಅನ್ನುವುದೇ ಅವಳ ಚಳಿಗಾಲದ ಅಳತೆ.

ಈ ಪದ್ಧತಿಯನ್ನು ನಾನು ಈಗಲೂ ಬಿಟ್ಟಿಲ್ಲ. ಈ ವಾರ ಎರಡು ದಿನ ಹಾಸಿದೆ. ಥಂಡಿ ಇದೆ, ಆದರೆ ಅರಿವೆ ಹೆಚ್ಚುಕಡಿಮೆ ಒಣಗಿಯೇ ಇತ್ತು. ಇಬ್ಬನಿ ಇಲ್ಲದ ಥಂಡಿ. ಇದು ಯಾಕೆ ಹೀಗೆ ಅಂತ ಗೊತ್ತಿದ್ದವರು ಹೇಳಬೇಕು.

ಬಳ್ಳಾರಿ ಬಯಲು · ಸೋಮವಾರ, ಬೆಳಿಗ್ಗೆ 9:20

ಬಳ್ಳಾರಿಯಲ್ಲೂ ಥಂಡಿ ಇದೆ, ಆದರೆ 13 ಇಲ್ಲ. ನನ್ನದು 16. ಸಂಡೂರಿನ ಗೆಳೆಯ ಫೋನ್ ಮಾಡಿ ಅಲ್ಲಿ ಇನ್ನೂ ಜಾಸ್ತಿ ಎಂದ. ಬೆಟ್ಟದ ಊರು, ಅದು ಸಹಜ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನ ಸಿಪಾಯಿಗಳಿಗೆ ಕಾಯಿಲೆ ಬಂದರೆ ಸಂಡೂರಿನ ರಾಮನದುರ್ಗಕ್ಕೆ ಕಳಿಸುತ್ತಿದ್ದರು. ಅಲ್ಲಿ ಆರೋಗ್ಯಧಾಮವೇ ಇತ್ತು. ರಾಮನದುರ್ಗ ಸುಮಾರು 3,200 ಅಡಿ ಎತ್ತರ. ಬಳ್ಳಾರಿಗಿಂತ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಮೇಲೆ. ಸಾವಿರ ಮೀಟರ್ ಮೇಲೇರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ ಅನ್ನುವ ಲೆಕ್ಕದಲ್ಲಿ ಮೂರು ಡಿಗ್ರಿ ಕಡಿಮೆ.

ಬೀದರ್ ನಮಗಿಂತ ತಣ್ಣಗಿರುವುದಕ್ಕೂ ಇದೇ ಒಂದು ಕಾರಣ. ರಾಯಚೂರು ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್, ಬೀದರ್ 650 ಮೀಟರಿಗೂ ಮೇಲೆ. ಉತ್ತರದ ಗಾಳಿ ಮೊದಲು ಬಡಿಯುವುದೂ ಬೀದರಿಗೇ. ಹಾಗಾಗಿ ಸಿಂಧನೂರಿನಲ್ಲಿ ಈಗಲೇ 13 ಅಂದರೆ ನನಗೆ ಅನುಮಾನ. ತಪ್ಪು ತಿಳಿಯಬೇಡಿ ಸರ್, ಥರ್ಮಾಮೀಟರ್ ಎಲ್ಲಿಟ್ಟಿದ್ದೀರಿ?

ಭೂಗೋಳ ಮೇಡಂ, ರಾಯಚೂರು · ಸೋಮವಾರ, ಸಂಜೆ 5:40

ಬಳ್ಳಾರಿಯವರು ಕೇಳಿದ ಪ್ರಶ್ನೆ ಸರಿಯಾಗಿದೆ. ಮೊದಲು ಯಲಬುರ್ಗಾದ ಅಣ್ಣನವರ ಅರಿವೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಸಲದ ಥಂಡಿಯ ಗುಟ್ಟು ಅದರಲ್ಲೇ ಇದೆ.

ನೆಲ ಹಗಲಿಡೀ ಬಿಸಿಲು ಕುಡಿಯುತ್ತದೆ. ರಾತ್ರಿ ಆ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡ ಇದ್ದರೆ ಅದು ಕಂಬಳಿ ಹೊದಿಸಿದ ಹಾಗೆ, ಬಿಸಿ ತಿರುಗಿ ನೆಲಕ್ಕೇ ಬರುತ್ತದೆ. ಗಾಳಿಯಲ್ಲಿರುವ ನೀರಿನ ಆವಿಯೂ ಇದೇ ಕೆಲಸ ಮಾಡುತ್ತದೆ. ಈಗ ನಮ್ಮ ಮೇಲೆ ಬೀಸುತ್ತಿರುವುದು ಉತ್ತರದ ಒಣ ಗಾಳಿ. ಮೋಡವೂ ಇಲ್ಲ, ಆವಿಯೂ ಇಲ್ಲ. ಹೊದಿಕೆಯೇ ಇಲ್ಲದ ನೆಲ ಬೇಗ ತಣ್ಣಗಾಗುತ್ತಿದೆ. ಅದೇ ಕಾರಣಕ್ಕೆ ಇಬ್ಬನಿಯೂ ಇಲ್ಲ, ಇಬ್ಬನಿ ಆಗಲು ಗಾಳಿಯಲ್ಲಿ ನೀರು ಬೇಕಲ್ವಾ? ಅರಿವೆ ಒಣಗಿರುವುದಕ್ಕೂ ಹಲ್ಲು ಕಟಕಟ ಅನ್ನುವುದಕ್ಕೂ ಕಾರಣ ಒಂದೇ.

ಇನ್ನು ಥರ್ಮಾಮೀಟರ್. ಹವಾಮಾನ ಇಲಾಖೆಯವರು ಅದನ್ನು ಬಯಲಲ್ಲಿ ಹಾಗೇ ನೇತುಹಾಕುವುದಿಲ್ಲ. ಬಿಳಿ ಬಣ್ಣದ, ಪಟ್ಟಿ ಪಟ್ಟಿ ಕಿಂಡಿ ಇರುವ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಇಡುತ್ತಾರೆ. ಅದಕ್ಕೆ ಸ್ಟೀವನ್ಸನ್ ಪೆಟ್ಟಿಗೆ ಎಂದು ಹೆಸರು. ರಾತ್ರಿಯ ಕನಿಷ್ಠ ಎಷ್ಟಿತ್ತು ಅಂತ ಬೆಳಿಗ್ಗೆ 8:30ಕ್ಕೆ ನೋಡಿ ಬರೆಯುತ್ತಾರೆ. ತೆರೆದ ಆಕಾಶದ ಕೆಳಗೆ ಇಟ್ಟರೆ ಥರ್ಮಾಮೀಟರ್ ತಾನೇ ಬಿಸಿ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯ ಲೆಕ್ಕ ಬೇಕಾದಾಗ ಅದು ತನ್ನ ಲೆಕ್ಕ ಹೇಳುತ್ತದೆ.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಒಂದು ಹಳೇ ಸಂಗತಿ ಇದೆ, ನನಗೆ ಬಹಳ ಇಷ್ಟ. ಫ್ರಿಜ್ ಇಲ್ಲದ ಕಾಲದಲ್ಲಿ ಅಲಹಾಬಾದ್ ಕಡೆ ಬಯಲಿನಲ್ಲೇ ಮಂಜುಗಡ್ಡೆ ಮಾಡುತ್ತಿದ್ದರು. ಆಳವಿಲ್ಲದ ಗುಂಡಿ ತೋಡಿ, ದಪ್ಪಗೆ ಒಣ ದಂಟು ಹಾಸಿ, ಅದರ ಮೇಲೆ ಸಣ್ಣ ಸಣ್ಣ ಮಣ್ಣಿನ ತಟ್ಟೆಗಳಲ್ಲಿ ನೀರು ಇಡುವುದು. ಶುಭ್ರ ಆಕಾಶದ, ಗಾಳಿ ಇಲ್ಲದ ರಾತ್ರಿ ಗಾಳಿಯ ತಾಪ ಸೊನ್ನೆಗೆ ಇಳಿಯದಿದ್ದರೂ ತಟ್ಟೆಯ ನೀರು ಹೆಪ್ಪುಗಟ್ಟುತ್ತಿತ್ತು. ಸೂರ್ಯ ಹುಟ್ಟುವ ಮುಂಚೆ ಜನ ಬಂದು ಬುಟ್ಟಿಗೆ ತುಂಬಿಕೊಳ್ಳುತ್ತಿದ್ದರು. 1775ರಲ್ಲಿ ರಾಬರ್ಟ್ ಬಾರ್ಕರ್ ಎಂಬುವರು ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವಿವರವಾಗಿ ಬರೆದು ತಿಳಿಸಿದ್ದರು.

ಹಾಗಾಗಿ ಸಿಂಧನೂರಿನ ಸರ್, ನಿಮ್ಮ 13 ಸುಳ್ಳಲ್ಲ. ಅದು ಯಾವುದರ 13 ಅಂತ ಗೊತ್ತಾಗಬೇಕು ಅಷ್ಟೇ.

ಸಿಂಧನೂರು ಥರ್ಮಾಮೀಟರ್ · ಸೋಮವಾರ, ರಾತ್ರಿ 9:15

ಮೇಡಂ, ನೀವು ಬರೆದದ್ದು ಓದಿ ಎದೆ ಧಸಕ್ ಅಂತು. ಹೋದ ವರ್ಷ ಥರ್ಮಾಮೀಟರ್ ಕೆಳಗೆ ಪಡಸಾಲೆಯ ಕಂಬಕ್ಕೆ ಇತ್ತು. ಈ ಬೇಸಿಗೆಯಲ್ಲಿ ಮನೆಗೆ ಸುಣ್ಣ ಹಚ್ಚುವಾಗ ತೆಗೆದು ಮಾಳಿಗೆ ಮೇಲೆ ತಗಡಿನ ಪಕ್ಕ ಕಟ್ಟಿದ್ದೆ. ಅಂದರೆ ಎರಡು ವರ್ಷದ ಲೆಕ್ಕ ಎರಡು ಬೇರೆ ಜಾಗದ್ದು. ನಾಳೆಯೇ ಇನ್ನೊಂದು ತಂದು ಪಡಸಾಲೆಯಲ್ಲೂ ಕಟ್ಟುತ್ತೇನೆ. ಎರಡನ್ನೂ ಕೆಲವು ದಿನ ಒಟ್ಟಿಗೆ ನೋಡಿ ಹೇಳುತ್ತೇನೆ.

ಶಕ್ತಿನಗರ ನೈಟ್ ಶಿಫ್ಟ್ · ಮಂಗಳವಾರ, ಬೆಳಿಗ್ಗೆ 6:55

ಡ್ಯೂಟಿ ಮುಗಿಸಿ ಈಗ ಬಂದೆ. ನಾನು ನೋಡುವುದು ಚಿಮಣಿ ಹೊಗೆಯನ್ನು. ಬೇಸಿಗೆಯ ಮಧ್ಯಾಹ್ನ ಅದು ಸುರುಳಿ ಸುತ್ತುತ್ತ ಮೇಲೆ ಹೋಗುತ್ತದೆ. ಥಂಡಿಯ ಬೆಳಿಗ್ಗೆ ಸ್ವಲ್ಪ ಮೇಲೇರಿ, ಯಾರೋ ಕೈಯಿಂದ ಒತ್ತಿದ ಹಾಗೆ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಕೃಷ್ಣಾ ನದಿ ಕಡೆ ಉದ್ದಕ್ಕೆ ಒಂದು ಪಟ್ಟಿ. ಇವತ್ತು ಹಾಗೇ ಇತ್ತು. ಸಾಮಾನ್ಯವಾಗಿ ಇಷ್ಟು ಚೆನ್ನಾಗಿ ಕಾಣುವುದು ಡಿಸೆಂಬರಿನಲ್ಲಿ.

ಭೂಗೋಳ ಮೇಡಂ, ರಾಯಚೂರು · ಮಂಗಳವಾರ, ಬೆಳಿಗ್ಗೆ 7:30

ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ, ಮುಚ್ಚಳ ಹಾಕಿದ ಹಾಗೆ. ಹೊಗೆ ಆ ಮುಚ್ಚಳ ದಾಟಲ್ಲ. ಬಳ್ಳಾರಿಯವರಿಗೂ ಇಲ್ಲೊಂದು ಮಾತು: ಇಂಥ ರಾತ್ರಿಗಳಲ್ಲಿ ಬೆಟ್ಟದ ತುದಿಗಿಂತ ಕೆಳಗಿನ ತಗ್ಗೇ ಜಾಸ್ತಿ ತಣ್ಣಗಿರಬಹುದು. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಸಾವಿರ ಮೀಟರಿಗೆ ಆರೂವರೆ ಅನ್ನುವ ಲೆಕ್ಕ ಆ ಹೊತ್ತಿಗೆ ನಡೆಯಲ್ಲ.

ಬಳ್ಳಾರಿ ಬಯಲು · ಮಂಗಳವಾರ, ಬೆಳಿಗ್ಗೆ 10:00

ಒಪ್ಪಿದೆ ಮೇಡಂ. ಗೆಳೆಯನ ಮನೆ ಇರುವುದು ಸಂಡೂರಿನ ಕಣಿವೆಯಲ್ಲೇ, ಬೆಟ್ಟದ ಮೇಲೆ ಅಲ್ಲ. ಈಗ ಅರ್ಥ ಆಯ್ತು.

ಗಂಗಾವತಿಯಿಂದ ಬಫೆಲೊ · ಮಂಗಳವಾರ, ರಾತ್ರಿ 8:30

ನಾನು ಗಂಗಾವತಿಯವಳು. ಈಗ ಇರುವುದು ಅಮೆರಿಕದ ಬಫೆಲೊದಲ್ಲಿ. ಹಿಮದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ನವೆಂಬರಿನ ಹಿಮ ಅಂದರೆ ಜನ ಎರಡು ವರ್ಷ ಹೇಳುತ್ತಾರೆ, 2014 ಮತ್ತು 2022. ಎರಡೂ ನವೆಂಬರ್ 17ರ ಆಸುಪಾಸಿನಲ್ಲೇ ಶುರುವಾದವು. 2014ರಲ್ಲಿ ಊರಿನ ದಕ್ಷಿಣದ ಬಡಾವಣೆಗಳಲ್ಲಿ ಐದು ಅಡಿಗೂ ಮೇಲೆ ಬಿತ್ತು. 2022ರಲ್ಲಿ ಆರ್ಚರ್ಡ್ ಪಾರ್ಕ್ ಎಂಬಲ್ಲಿ 80 ಇಂಚು. ಮನೆಯ ಬಾಗಿಲಿಗಿಂತ ಸ್ವಲ್ಪವೇ ಕಡಿಮೆ.

ಇದು ನಡು ಚಳಿಗಾಲದಲ್ಲಿ ಆಗದೆ ಶುರುವಿನಲ್ಲೇ ಆಗುವುದಕ್ಕೆ ಕಾರಣ ಈರಿ ಸರೋವರ. ನವೆಂಬರಿನಲ್ಲಿ ಸರೋವರದ ನೀರು ಇನ್ನೂ ಬೇಸಿಗೆಯ ಬಿಸಿ ಹಿಡಿದಿರುತ್ತದೆ. ಅದರ ಮೇಲೆ ಕೆನಡಾ ಕಡೆಯಿಂದ ಕೊರೆಯುವ ಗಾಳಿ ಬರುತ್ತದೆ. ಗಾಳಿ ಸರೋವರದ ಉದ್ದಕ್ಕೂ ನೀರು ಹೀರಿಕೊಂಡು ಬಂದು ಈ ದಡದಲ್ಲಿ ಹಿಮವಾಗಿ ಸುರಿಯುತ್ತದೆ. ಆ ಮೋಡದ ಪಟ್ಟಿ ಬಹಳ ಕಿರಿದು. ಒಂದು ಬಡಾವಣೆ ಮುಳುಗಿರುತ್ತದೆ, ಕೆಲವೇ ಮೈಲಿ ಆಚೆ ರಸ್ತೆಯಲ್ಲಿ ಹುಲ್ಲು ಕಾಣುತ್ತಿರುತ್ತದೆ. ಎತ್ತಿನ ಒಂದು ಕೋಡು ತೊಯ್ದು ಇನ್ನೊಂದು ಒಣಗಿದ ಹಾಗೆ. ಮೊದಲ ಸಲ ನೋಡಿದಾಗ ನನಗೆ ನಮ್ಮೂರ ಮಳೆಯೇ ನೆನಪಾಯಿತು. ಸರೋವರ ಹೆಪ್ಪುಗಟ್ಟಿದ ಮೇಲೆ ಹಿಮದ ಈ ಜೋರು ತಗ್ಗುತ್ತದೆ, ಥಂಡಿ ಇನ್ನೂ ಜಾಸ್ತಿ ಆದರೂ ಸಹ.

ಅಂದರೆ ಥಂಡಿ ಒಂದೇ ಇದ್ದರೆ ಹಿಮ ಬೀಳಲ್ಲ. ನೀರೂ ಬೇಕು.

ಸಿಂಧನೂರು ಥರ್ಮಾಮೀಟರ್ · ಮಂಗಳವಾರ, ರಾತ್ರಿ 9:05

ಅಕ್ಕಾ, ನಮ್ಮ ಹತ್ತಿರ ತುಂಗಭದ್ರಾ ಡ್ಯಾಂ ಇದೆಯಲ್ಲ ಎಂದು ಮಗಳು ಕೇಳುತ್ತಿದ್ದಾಳೆ. ಮುನಿರಾಬಾದಿನಲ್ಲಿ ಅದು ಸಮುದ್ರದ ಹಾಗೆ ಕಾಣುತ್ತದೆ. ಅಷ್ಟು ನೀರು ಸಾಲದಾ?

ಭೂಗೋಳ ಮೇಡಂ, ರಾಯಚೂರು · ಬುಧವಾರ, ಬೆಳಿಗ್ಗೆ 6:20

ಒಳ್ಳೆ ಪ್ರಶ್ನೆ ಕೇಳಿದಳು ಮಗು. ಬಫೆಲೊದಲ್ಲಿ ನೀರಿನ ಮೇಲೆ ಬರುವ ಗಾಳಿ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ನಮ್ಮಲ್ಲಿ ಬರುವ ಉತ್ತರದ ಗಾಳಿ ಹಿಮಾಲಯದಿಂದ ಇಲ್ಲಿಗೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ಬೆಚ್ಚಗಾಗಿರುತ್ತದೆ. ನಮ್ಮ ತಲೆಯ ಮೇಲೆ ತಾಪ ಸೊನ್ನೆಗೆ ಇಳಿಯುವುದು ನಾಲ್ಕು ಸಾವಿರ ಮೀಟರಿಗೂ ಮೇಲೆ. ಅಲ್ಲಿ ಹಿಮದ ಹರಳು ಹುಟ್ಟಿದರೂ ಕೆಳಗೆ ಬರುವಷ್ಟರಲ್ಲಿ ಮಳೆಹನಿ ಆಗಿರುತ್ತದೆ. ನಮ್ಮೂರಿನ ಎಷ್ಟೋ ಮಳೆ ಮೇಲೆ ಹಿಮವಾಗಿ ಹುಟ್ಟಿದ್ದೇ. ಮಗಳಿಗೆ ಇದನ್ನು ಹೇಳಿ, ಖುಷಿ ಪಡುತ್ತಾಳೆ.

ಇನ್ನೊಂದು ತೊಡಕಿದೆ. ನಮಗೆ ಥಂಡಿ ಬರುವುದು ಗಾಳಿ ಒಣಗಿದಾಗ. ಬಂಗಾಳ ಕೊಲ್ಲಿಯಿಂದ ಮೋಡ ಬಂದ ತಕ್ಷಣ ರಾತ್ರಿ ಬೆಚ್ಚಗಾಗಿಬಿಡುತ್ತದೆ. ನೀರು ಬಂದರೆ ಥಂಡಿ ಹೋಗುತ್ತದೆ, ಥಂಡಿ ಬಂದರೆ ನೀರು ಹೋಗುತ್ತದೆ. ಎರಡೂ ಒಟ್ಟಿಗೆ ನಮ್ಮಲ್ಲಿ ಕೂಡುವುದೇ ಇಲ್ಲ.

ಬಿಸಿಲಿನ ಊರಿಗೆ ಹಿಮ ಬೀಳಲ್ಲ ಅಂತಲ್ಲ. 2008ರ ಜನವರಿ 11ರಂದು ಬಾಗ್ದಾದಿನಲ್ಲಿ ಹಿಮ ಬಿತ್ತು, ಅಲ್ಲಿನ ಮುದುಕರೂ ಅಂಥದ್ದು ನೋಡಿರಲಿಲ್ಲ. 2020ರ ಫೆಬ್ರವರಿಯಲ್ಲಿ ಮತ್ತೆ ಬಿತ್ತು. ಸಹಾರಾ ಮರುಭೂಮಿಯ ಅಂಚಿನ ಐನ್ ಸೆಫ್ರಾದಲ್ಲಿ 2016ರ ಡಿಸೆಂಬರಿನಲ್ಲಿ ಕೆಂಪು ಮರಳಿನ ಮೇಲೆ ಹಿಮ ಕೂತಿತ್ತು. ಆದರೆ ಆ ಎರಡೂ ಊರು 33 ಡಿಗ್ರಿ ಅಕ್ಷಾಂಶದ ಹತ್ತಿರ ಇವೆ. ರಾಯಚೂರು 16ರಲ್ಲಿ. ಬೇಸಿಗೆಯ ಬಿಸಿಲು ಒಂದೇ ಥರ ಇರಬಹುದು, ಚಳಿಗಾಲ ಒಂದೇ ಅಲ್ಲ.

ಲಿಂಗಸುಗೂರು ಮಾಜಿ ಸೈನಿಕ · ಬುಧವಾರ, ಮಧ್ಯಾಹ್ನ 1:10

ಕಾಶ್ಮೀರದ ಮಾತು ಬಂತು ಅಂತ ಹೇಳುತ್ತೇನೆ. ನಾನು ಎರಡು ಚಳಿಗಾಲ ದ್ರಾಸ್ ಕಡೆ ಇದ್ದೆ. ಹತ್ತು ಸಾವಿರ ಅಡಿಗಿಂತ ಮೇಲಿನ ಜಾಗ. ಅಲ್ಲಿನ ಥಂಡಿಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಮೊದಲ ರಾತ್ರಿ ನಾನು ನೆನೆಸಿಕೊಂಡಿದ್ದು ಲಿಂಗಸುಗೂರಿನ ಮೇ ತಿಂಗಳನ್ನು.

ಬೇಗ ಬರುವ ಹಿಮ ಎಷ್ಟು ಕೆಟ್ಟದ್ದು ಅಂತ ಕಾಶ್ಮೀರದ ರೈತರನ್ನು ಕೇಳಬೇಕು. 2018ರ ನವೆಂಬರ್ ಮೊದಲ ವಾರ ಕಣಿವೆಯಲ್ಲಿ ಹಿಮ ಬಿತ್ತು. ಸೇಬಿನ ಗಿಡದ ಎಲೆ ಇನ್ನೂ ಉದುರಿರಲಿಲ್ಲ. ಎಲೆ ಮೇಲೆ ಹಿಮ ಕೂತು, ಭಾರ ತಡೆಯದೆ ಕೊಂಬೆಗಳು ಸೀಳಿ ಬಿದ್ದವು. ಮರುವರ್ಷ ನವೆಂಬರಿನಲ್ಲೂ ಅದೇ ಆಯಿತು. ಗಿಡ ಮತ್ತೆ ಫಲ ಕೊಡಬೇಕಾದರೆ ವರ್ಷಗಳು ಬೇಕು. ಅದೇ ಹಿಮ ಜನವರಿಯಲ್ಲಿ ಬಿದ್ದರೆ ಅವರಿಗೆ ಹಬ್ಬ, ಬೇಸಿಗೆಯ ನೀರು ಅದೇ.

ದಾಖಲೆ ಬೇಕೆಂದರೆ, 2024ರ ಡಿಸೆಂಬರ್ 20ರ ರಾತ್ರಿ ಕಳೆದು 21ರ ಬೆಳಗಾಗುವ ಹೊತ್ತಿಗೆ ಶ್ರೀನಗರದಲ್ಲಿ ಮೈನಸ್ 8.5. ಐವತ್ತು ವರ್ಷದಲ್ಲಿ ಡಿಸೆಂಬರಿನ ಅತಿ ತಣ್ಣನೆ ರಾತ್ರಿ ಅದು. 1974ರಲ್ಲಿ ಮೈನಸ್ 10.3 ಇತ್ತು, 1934ರಲ್ಲಿ ಮೈನಸ್ 12.8. ಅಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನವನ್ನು ಚಿಲ್ಲೈ ಕಲಾನ್ ಅನ್ನುತ್ತಾರೆ, ದೊಡ್ಡ ಥಂಡಿ ಎಂದು. ನಮ್ಮ ಮಳೆ ನಕ್ಷತ್ರಗಳ ಹಾಗೆ ಅವರು ಚಳಿಗೆ ಹೆಸರಿಟ್ಟಿದ್ದಾರೆ.

ಹಿಮ ಅಂದಾಗ ನನಗೆ ಇನ್ನೊಂದು ನೆನಪು ಬರದೆ ಇರಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಯೋಧರು ಹೂತುಹೋದರು. ಅವರಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಆದ ಮೇಲೆ ಜೀವಂತ ಸಿಕ್ಕರು. ಎಂಟು ದಿನಕ್ಕೆ, 11ನೇ ತಾರೀಕು ದೆಹಲಿಯಲ್ಲಿ ತೀರಿಕೊಂಡರು. ಆ ಆರು ದಿನ, ಆಮೇಲಿನ ಎರಡು ದಿನ, ನಮ್ಮ ಊರಿನ ಗುಡಿಯಲ್ಲಿ ಜನ ಕೂತೇ ಇದ್ದರು. ಬಿಸಿಲು ನಾಡಿನ ಹುಡುಗರು ಆ ಹಿಮದಲ್ಲಿ ನಿಂತಿದ್ದಾರೆ. ಮಗಳಿಗೆ ಇದನ್ನೂ ಹೇಳಿ ಸರ್.

ಯಲಬುರ್ಗಾ ಎರಿಹೊಲ · ಬುಧವಾರ, ಸಂಜೆ 6:45

ಓದಿ ಸುಮ್ನೆ ಕೂತುಬಿಟ್ಟೆ ಅಣ್ಣಾರೆ. ನಮಸ್ಕಾರ ನಿಮಗೆ.

ಸಿಂಧನೂರಿನವರ ಅಜ್ಜನ ಬಿಳಿ ಹೊಲದ ವಿಷಯ. ಅದು ಆಣೆಕಲ್ಲು ಇರಬೇಕು ಅಂತ ನನ್ನ ಅನಿಸಿಕೆ. ಯಾವ ತಿಂಗಳು ಅಂತ ಮನೆಯಲ್ಲಿ ಕೇಳಿ ನೋಡಿ. ಆಣೆಕಲ್ಲು ಥಂಡಿಯಲ್ಲಿ ಬೀಳಲ್ಲ, ಬಿಸಿಲು ಏರುವಾಗ ಬೀಳುತ್ತದೆ. 2014ರಲ್ಲಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಮಹಾರಾಷ್ಟ್ರದಲ್ಲೂ ನಮ್ಮ ಉತ್ತರದ ಜಿಲ್ಲೆಗಳಲ್ಲೂ ಬಿದ್ದಿತ್ತಲ್ಲ, ಆಗ ಫೋಟೋಗಳಲ್ಲಿ ಹೊಲ ಥೇಟ್ ಹಿಮ ಬಿದ್ದ ಹಾಗೇ ಇತ್ತು.

ಸಿಂಧನೂರು ಥರ್ಮಾಮೀಟರ್ · ಗುರುವಾರ, ಬೆಳಿಗ್ಗೆ 7:25

ಅವ್ವನನ್ನು ಕೇಳಿದೆ. ಅಜ್ಜ ಹೇಳುತ್ತಿದ್ದಿದ್ದು ಹೋಳಿ ಹುಣ್ಣಿಮೆ ಆಸುಪಾಸಿನ ಮಾತಂತೆ. ಬಿಳಿಜೋಳ ರಾಶಿಗೆ ಬಂದಿತ್ತಂತೆ, ತೆನೆಯೆಲ್ಲ ಉದುರಿ ಮಣ್ಣುಪಾಲಾಗಿ ಆ ವರ್ಷ ಮನೆಯಲ್ಲಿ ರೊಟ್ಟಿಗೆ ಕಷ್ಟ ಆಗಿತ್ತಂತೆ. ನೀವು ಹೇಳಿದ್ದೇ ಸರಿ, ಆಣೆಕಲ್ಲು. ಬೆಳ್ಳಗಿನ ಹೊಲ ಮಾತ್ರ ನೆನಪಿಟ್ಟುಕೊಂಡಿದ್ದೆ ನಾನು. ರೊಟ್ಟಿಯ ಕಷ್ಟ ಅವ್ವ ಹೇಳಿದ ಮೇಲೆ ಗೊತ್ತಾಯಿತು.

ಇವತ್ತಿನ ಲೆಕ್ಕ: ಮಾಳಿಗೆ 13, ಪಡಸಾಲೆ 16. ನಿನ್ನೆ ಮಾಳಿಗೆ 14, ಪಡಸಾಲೆ 17. ಎರಡೂ ದಿನ ಮೂರು ಡಿಗ್ರಿ ವ್ಯತ್ಯಾಸ. ಹೋದ ವರ್ಷದ ಪಡಸಾಲೆಯ 18, 19ಕ್ಕೆ ಹೋಲಿಸಿದರೆ ಈ ಸಲ ಎರಡು ಡಿಗ್ರಿ ಕಡಿಮೆ. ಥಂಡಿ ಬೇಗ ಬಂದಿದ್ದು ನಿಜ, ಆದರೆ ನಾನು ಹೇಳಿದಷ್ಟಲ್ಲ.

ಭೂಗೋಳ ಮೇಡಂ, ರಾಯಚೂರು · ಗುರುವಾರ, ಬೆಳಿಗ್ಗೆ 8:40

ತುಂಬಾ ಸಂತೋಷ ಆಯ್ತು ಸರ್. ಎರಡನ್ನೂ ಹಾಗೇ ಮುಂದುವರಿಸಿ, ದಯವಿಟ್ಟು ಇನ್ನು ಜಾಗ ಬದಲಿಸಬೇಡಿ. ಮಳೆಗೆ ಹೋಬಳಿ ಮಟ್ಟದಲ್ಲಿ ಸರ್ಕಾರದ ಮಾಪಕ ಇದೆ, ಆದರೆ ಮನೆಯಂಗಳದ ಥಂಡಿಯನ್ನು ಒಂದೇ ಜಾಗದಲ್ಲಿ ಹತ್ತು ವರ್ಷ ಬರೆದಿಟ್ಟವರು ನಮ್ಮಲ್ಲಿ ಸಿಗುವುದು ಅಪರೂಪ.

ಇನ್ನೊಂದು ಕೋರಿಕೆ. ಈ ಥಂಡಿಯನ್ನು ಶೀತಗಾಳಿ ಎಂದು ಹಂಚಬೇಡಿ. ಬಯಲು ಪ್ರದೇಶದಲ್ಲಿ ಕನಿಷ್ಠ ತಾಪ 10 ಅಥವಾ ಅದಕ್ಕಿಂತ ಕೆಳಗೆ ಇಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆ ಇದ್ದರೆ ಹವಾಮಾನ ಇಲಾಖೆ ಶೀತಗಾಳಿ ಅನ್ನುತ್ತದೆ. ನಾವು ಇನ್ನೂ ಅಲ್ಲಿಗೆ ಬಂದಿಲ್ಲ. ಹೋಲಿಕೆಗೆ ಹೇಳುವುದಾದರೆ, ನಮಗಿಂತ ಎಷ್ಟೋ ಎತ್ತರದ ಬೆಂಗಳೂರಿನ ಸಾರ್ವಕಾಲಿಕ ದಾಖಲೆಯೇ 7.8 ಡಿಗ್ರಿ. ಅದು 1884ರ ಜನವರಿ 13ರದ್ದು, ಇವತ್ತಿಗೂ ಮುರಿದಿಲ್ಲ.

ಕಾರಟಗಿ ಭತ್ತ · ಗುರುವಾರ, ಸಂಜೆ 7:00

ಎಲ್ಲ ಓದಿದೆ. ನನ್ನ ಚಿಂತೆ ಬೇರೆ. ಕಡಲೆ, ಬಿಳಿಜೋಳದವರಿಗೆ ಈ ಥಂಡಿ ಒಳ್ಳೆಯದು, ನಮಗಲ್ಲ. ಎರಡನೇ ಬೆಳೆಗೆ ಕಾಲುವೆ ನೀರು ಬಿಟ್ಟರೆ ಡಿಸೆಂಬರಿನಲ್ಲಿ ಸಸಿ ಮಡಿ ಹಾಕಬೇಕು. ಥಂಡಿ ಹೀಗೇ ಮುಂದುವರಿದರೆ ಸಸಿ ಹಳದಿಯಾಗಿ ನಿಂತಲ್ಲೇ ನಿಲ್ಲುತ್ತದೆ. ಸಸಿ ತಡವಾದರೆ ನಾಟಿ ತಡ, ಆಮೇಲೆ ಹೂವಿನ ಹೊತ್ತಿಗೆ ಬಿಸಿಲು ಬಡಿಯುತ್ತದೆ. ಯಾರಾದರೂ ಉಪಾಯ ಮಾಡಿದ್ದೀರಾ?

ಗಂಗಾವತಿಯಿಂದ ಬಫೆಲೊ · ಗುರುವಾರ, ರಾತ್ರಿ 9:40

ಅಣ್ಣಾ, ಅಪ್ಪ ಮಾಡುತ್ತಿದ್ದದ್ದು ಹೇಳುತ್ತೇನೆ. ರಾತ್ರಿ ಮಡಿಯಲ್ಲಿ ನಿಂತು ಕೊರೆದ ನೀರನ್ನು ಬೆಳಿಗ್ಗೆ ಹೊರಗೆ ಬಿಟ್ಟು ಹೊಸ ನೀರು ಹಾಯಿಸುತ್ತಿದ್ದರು. ತೀರಾ ಥಂಡಿ ಇದ್ದಾಗ ಸಂಜೆ ಬಿದಿರಿನ ದಬ್ಬೆ ಬಾಗಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿಸಿಲು ಬಂದ ಮೇಲೆ ತೆಗೆಯುತ್ತಿದ್ದರು. ಹಾಳೆ ಸಸಿಗೆ ತಾಗದ ಹಾಗೆ ನೋಡಿಕೊಳ್ಳಿ. ಸಸಿ ಏಳುತ್ತಿತ್ತು.

ಕಾರಟಗಿ ಭತ್ತ · ಗುರುವಾರ, ರಾತ್ರಿ 10:05

ಹಾಳೆ ಇದೆ ತಂಗಿ, ಹೋದ ಸಲ ರಾಶಿ ಮುಚ್ಚಲು ತಂದಿದ್ದು. ದಬ್ಬೆ ನಾಳೆ ತರುತ್ತೇನೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅನ್ನುತ್ತಾರೆ, ಸಸಿ ಅಲ್ಲಿವರೆಗೆ ಕಾಯಲ್ಲ.

ಸಿಂಧನೂರು ಥರ್ಮಾಮೀಟರ್ · ಶುಕ್ರವಾರ, ಬೆಳಿಗ್ಗೆ 7:00

ಮಾಳಿಗೆ 18, ಪಡಸಾಲೆ 19. ರಾತ್ರಿ ಮೂಡಗಡೆಯಿಂದ ಮೋಡ ಬಂದಿದೆ. ಮೇಡಂ ಹೇಳಿದ ಕಂಬಳಿ ಇದೇ ಅಲ್ವಾ? ಎರಡರ ನಡುವಿನ ವ್ಯತ್ಯಾಸ ಮೂರರಿಂದ ಒಂದಕ್ಕೆ ಇಳಿದಿದೆ. ಮಗಳು ತಾನೇ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಳು.

ಯಲಬುರ್ಗಾ ಎರಿಹೊಲ · ಶುಕ್ರವಾರ, ಬೆಳಿಗ್ಗೆ 7:50

ಇಲ್ಲೂ ಮೋಡ. ಮೋಡ ನಿಂತರೆ ಕಡಲೆಗೆ ಕೀಡೆ ಜಾಸ್ತಿ, ಹೊಲಕ್ಕೆ ಹೊರಟಿದ್ದೇನೆ. ಆಕಾಶ ತೆರೆದ ರಾತ್ರಿ ಮತ್ತೆ ಅರಿವೆ ಹಾಸುತ್ತೇನೆ, ತೊಯ್ದರೆ ಇಲ್ಲೇ ಬರೆಯುತ್ತೇನೆ.